ಸ್ಟೇಬಲ್ ಹಾಕೋರು, ಸಿಡ್ ಓಡಿಸೋರು

(ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಒಂದಿಷ್ಟು ಸಿಸ್ಟಮ್ ಅಡ್ಮಿನ್‌ಗಳು, ಕೆಲವು ಶಾಲೆ ಮೇಷ್ಟ್ರುಗಳು ಸೇರಿದ್ದ ಸಭೆಯಲ್ಲಿ ಮಾತಾಡಿದ್ದು. ಬರೆದು ಕೊಡಿ ಅಂತ ಕೇಳಿದೋರಿಗಾಗಿ ಹಾಕ್ತಿದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಕೊನೇಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬಳಸೋ ನಾಲ್ಕು ಜನ ಒಂದ್ಕಡೆ ಸೇರಿದ್ರೆ ಸ್ವಲ್ಪ ಹೊತ್ತಿಗೆ ಈ ವಾದ ಶುರು ಆಗೇ ಆಗುತ್ತೆ. ಲಿನಕ್ಸನ್ನ ಬೇರೆ ಬೇರೆ ಗುಂಪಿನೋರು ಕಟ್ಟಿ ಕೊಡ್ತಾರೆ, ಅದಕ್ಕೆ ಡಿಸ್ಟ್ರೋ ಅಂತಾರೆ. ಒಬ್ರು ಬದಲಾವಣೆ ತೀರಾ ಕಮ್ಮಿ ಇರೋ ಡೆಬಿಯನ್ ಸ್ಟೇಬಲ್ ಹಾಕಿರ್ತಾರೆ, ಇನ್ನೊಬ್ರು ಹೊಸ ವರ್ಷನ್ ಬಂದಂಗೆಲ್ಲ ಕೊಡ್ತಾ ಹೋಗೋ, ಅಂದ್ರೆ ರೋಲಿಂಗ್ ಡಿಸ್ಟ್ರೋ ಆದ ಆರ್ಚ್ ಹಾಕಿರ್ತಾರೆ, ಇವ್ರು ಅವ್ರಿಗೆ "ಒಂದಿನ ಅಪ್‌ಡೇಟ್ ಕೊಟ್ಟು ರೀಬೂಟ್ ಮಾಡ್ದಾಗ ಸಿಸ್ಟಮ್ ಮೇಲೆ ಏಳಲ್ಲ ನೋಡ್ತಿರಿ" ಅಂತಾರೆ, ಅವ್ರು ಇವ್ರಿಗೆ "ಎರಡು ವರ್ಷ ಹಳೇ ಸಾಫ್ಟ್‌ವೇರ್ ಇಟ್ಕೊಂಡು ಅದೇನ್ ಸುಖ ಪಡ್ತೀರೋ" ಅಂತಾರೆ. ಇದನ್ನ ಸ್ವಭಾವದ ಪ್ರಶ್ನೆ ಥರ ಮಾತಾಡ್ತಾರೆ, ಧೈರ್ಯ ಇರೋರು ಹೊಸದು ಹಾಕ್ತಾರೆ, ಪುಕ್ಕಲರು ಹಳೇದು ಹಾಕ್ತಾರೆ ಅನ್ನೋ ಹಾಗೆ. ನಂಗೆ ಇದು ಒಪ್ಪಿಗೆ ಆಗಲ್ಲ. ಸ್ಟೇಬಲ್ ಹಾಕ್ಕೊಂಡು ನೆಮ್ಮದಿಯಾಗಿರೋರು ಆ ನೆಮ್ಮದಿಗೋಸ್ಕರ ಹೊಸದನ್ನ ಓಡಿಸ್ತಿರೋರ ಋಣದಲ್ಲಿದಾರೆ, ಇವತ್ತು ನಾನು ಹೇಳೋಕೆ ಬಂದಿರೋದು ಇದೇ, ಬರೀ ಅಭಿಪ್ರಾಯ ಅಂತ ಆಗ್ಬಾರ್ದು ಅಂತ ನಡೆದಿರೋ ಘಟನೆಗಳನ್ನೇ ಇಟ್ಕೊಂಡು ಹೇಳ್ತೀನಿ.

ಮೊದಲು ಡೆಬಿಯನ್ ಒಳಗೆ ಏನ್ ನಡೆಯುತ್ತೆ ನೋಡಣ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಪ್ರಾಜೆಕ್ಟ್ ಇದು, ಇವತ್ತಿಗೂ ಸ್ವಯಂಸೇವಕರೇ ನಡೆಸ್ತಿರೋದು. ಯಾವ್ದೋ ಸಾಫ್ಟ್‌ವೇರ್‌ದು ಹೊಸ ವರ್ಷನ್ ಬಂತು ಅಂದ್ರೆ ಅದನ್ನ ಪ್ಯಾಕೇಜ್ ಮಾಡೋ, ಅಂದ್ರೆ ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಆಗೋ ಹಾಗೆ ಕಟ್ಟಿ ನೋಡ್ಕೊಳೋ ಮೇಂಟೇನರ್ ಮೊದಲು ಅನ್‌ಸ್ಟೇಬಲ್‌ಗೆ ಹಾಕ್ತಾರೆ, ಅದಕ್ಕೆ ಸಿಡ್ ಅಂತ ಹೆಸರು. ಅಲ್ಲಿ ಸಾಮಾನ್ಯವಾಗಿ 2ರಿಂದ 10 ದಿನ ಇರುತ್ತೆ, ಎಷ್ಟು ಅರ್ಜೆಂಟು ಅನ್ನೋದರ ಮೇಲೆ. ಆ ದಿನಗಳಲ್ಲಿ ಯಾರೂ ದೊಡ್ಡ ಬಗ್ ಇದೆ ಅಂತ ಕಂಪ್ಲೇಂಟ್ ಹಾಕಿಲ್ಲ ಅಂದ್ರೆ, ಅದು ಅವಲಂಬಿಸಿರೋ ಬೇರೆ ಪ್ಯಾಕೇಜ್‌ಗಳೂ ಸರಿ ಇದ್ರೆ, ತಾನಾಗೇ ಟೆಸ್ಟಿಂಗ್‌ಗೆ ಹೋಗುತ್ತೆ. ಹೆಚ್ಚುಕಮ್ಮಿ ಎರಡು ವರ್ಷಕ್ಕೊಮ್ಮೆ ಆ ಟೆಸ್ಟಿಂಗನ್ನ ಫ್ರೀಜ್ ಮಾಡ್ತಾರೆ, ಅಂದ್ರೆ ಹೊಸ ವರ್ಷನ್ ಬರೋದು ನಿಲ್ಲುತ್ತೆ, ಬರೀ ಬಗ್ ಸರಿ ಮಾಡೋ ಕೆಲಸ, ತಿಂಗಳುಗಟ್ಟಲೆ ಅದೇ. ಆಮೇಲೆ ಅದೇ ಸ್ಟೇಬಲ್ ಆಗಿ ಹೊರಗೆ ಬರುತ್ತೆ. ಒಂದೊಂದು ಸ್ಟೇಬಲ್‌ಗೂ ಒಂದು ಹೆಸರು: ಡೆಬಿಯನ್ 11 ಬುಲ್ಸ್‌ಐ ಬಂದಿದ್ದು 2021 ಆಗಸ್ಟ್, 12 ಬುಕ್‌ವರ್ಮ್ 2023 ಜೂನ್, 13 ಟ್ರಿಕ್ಸಿ 2025 ಆಗಸ್ಟ್. ಒಂದ್ಸಲ ಹೊರಗೆ ಬಂದ್ಮೇಲೆ ಬುಕ್‌ವರ್ಮ್ ಹಾಕಿದೋರಿಗೆ ಪೈಥಾನ್ 3.11 ಅಂದ್ರೆ ಕೊನೇವರೆಗೂ 3.11, ಹಾರ್ಡ್‌ವೇರ್ ನಡೆಸೋ ಲಿನಕ್ಸ್‌ನ ತಿರುಳು, ಅಂದ್ರೆ ಕರ್ನಲ್, 6.1 ಅಂದ್ರೆ 6.1. ಸೆಕ್ಯುರಿಟಿ ಫಿಕ್ಸ್ ಮತ್ತೆ ಗಂಭೀರ ಬಗ್ ಫಿಕ್ಸ್ ಬಿಟ್ಟು ಬೇರೇನೂ ಬರಲ್ಲ. ಫೈರ್‌ಫಾಕ್ಸ್, ಕ್ರೋಮಿಯಂ ಥರದ್ದು ಮಾತ್ರ ಹೊಸ ವರ್ಷನ್ನೇ ಕೊಡ್ತಾರೆ, ಯಾಕಂದ್ರೆ ಅಷ್ಟು ದೊಡ್ಡ ಬ್ರೌಸರ್‌ಗೆ ಹಳೇ ಕೋಡಲ್ಲಿ ತೇಪೆ ಹಾಕ್ತಾ ಕೂರೋದು ಯಾರ ಕೈಲೂ ಆಗಲ್ಲ.

ಇಲ್ಲಿ ಒಂದು ಮಾತು ಹೇಳ್ಬೇಕು. ನಮ್ಮನೆಗಳಲ್ಲಿ ಹೊಸ ಅಕ್ಕಿ ತಂದ್ರೆ ಅನ್ನ ಮುದ್ದೆ ಆಗುತ್ತೆ ಅಂತ ಒಂದು ವರ್ಷ ಇಟ್ಟು ಬಳಸ್ತಾರೆ, ಹಳೇ ಅಕ್ಕಿ ಆದ್ರೆ ಉದುರುದುರಾಗಿ ಬರುತ್ತೆ. ಸ್ಟೇಬಲ್ ಹಾಕೋ ಬಹಳ ಜನ ಸಾಫ್ಟ್‌ವೇರೂ ಹಂಗೇ ಅಂದ್ಕೊಂಡಿದಾರೆ. ಅಕ್ಕಿ ಮೂಟೆ ಕಟ್ಟಿ ಮೂಲೇಲಿ ಇಟ್ರೂ ಹಳೇದಾಗುತ್ತೆ, ಸಾಫ್ಟ್‌ವೇರು ಇಟ್ಟಲ್ಲೇ ಪಕ್ವ ಆಗಲ್ಲ ಕಣ್ರಿ. ಸಿಡ್‌ನಲ್ಲಿರೋ ಆ ಹತ್ತು ದಿನ ಅದನ್ನ ಯಾರೂ ಇನ್‌ಸ್ಟಾಲ್ ಮಾಡ್ಲಿಲ್ಲ, ಯಾರೂ ಬಗ್ ರಿಪೋರ್ಟ್ ಹಾಕ್ಲಿಲ್ಲ ಅಂದ್ರೆ ಹತ್ತು ದಿನ ಕಳೆದಿದ್ದಕ್ಕೆ ಯಾವ ಬೆಲೇನೂ ಇಲ್ಲ, ಬಗ್ ಹಂಗೇ ಮುಂದಕ್ಕೆ ಹೋಗುತ್ತೆ.

ಹಂಗೆ ಹೋಗಿರೋದಕ್ಕೆ ದೊಡ್ಡ ಸಾಕ್ಷಿ ಹಾರ್ಟ್‌ಬ್ಲೀಡ್. 2014 ಏಪ್ರಿಲ್‌ನಲ್ಲಿ ಇಡೀ ಇಂಟರ್ನೆಟ್ ನಡುಗಿತ್ತು, ನಿಮ್ಮಲ್ಲಿ ಚಿಕ್ಕೋರಿಗೆ ನೆನಪಿರಲ್ಲ. ಓಪನ್‌ಎಸ್‌ಎಸ್‌ಎಲ್ ಅಂತ ಒಂದು ಲೈಬ್ರರಿ, ಅಂದ್ರೆ ಮಾಹಿತಿ ಗುಟ್ಟಾಗಿ ಕಳಿಸೋಕೆ ಬೇರೆ ಸಾಫ್ಟ್‌ವೇರ್‌ಗಳು ಬಳಸ್ಕೊಳೋ ಕೋಡು, ಎಚ್‌ಟಿಟಿಪಿಎಸ್ ಸೈಟ್‌ಗಳಲ್ಲಿ ದೊಡ್ಡ ಪಾಲು ಅದರ ಮೇಲೇ ನಿಂತಿತ್ತು, ಅದರಲ್ಲಿ ಒಂದು ತೂತು, ಹೊರಗಿಂದ ಯಾರ್ ಬೇಕಾದ್ರೂ ಕೇಳಿ ಸರ್ವರ್ ಮೆಮೊರಿಯಿಂದ ಒಂದೊಂದು ಸಲಕ್ಕೆ 64 ಕೆಬಿವರೆಗೂ ಎತ್ಕೊಂಡು ಹೋಗಬಹುದಿತ್ತು, ಪಾಸ್‌ವರ್ಡು, ಪ್ರೈವೇಟ್ ಕೀ ಎಲ್ಲಾ. ಈ ಬಗ್ ಇದ್ದ 1.0.1 ವರ್ಷನ್ ರಿಲೀಸ್ ಆಗಿದ್ದು 2012 ಮಾರ್ಚ್. ಡೆಬಿಯನ್ 7, ಅಂದ್ರೆ ವೀಜಿ, ಸ್ಟೇಬಲ್ ಆಗಿದ್ದು 2013 ಮೇ. ನಡುವೆ ಒಂದು ವರ್ಷಕ್ಕಿಂತ ಜಾಸ್ತಿ ಟೈಮಿತ್ತು, ಆ ಕೋಡ್ ಎಲ್ಲರ ಕಣ್ಣ ಮುಂದೇನೇ ಇತ್ತು, ಯಾರಿಗೂ ಕಾಣ್ಲಿಲ್ಲ, ಎಲ್ಲಾ ಪರೀಕ್ಷೆ ಪಾಸಾಗಿ ಸ್ಟೇಬಲ್ ಒಳಗೆ ಹೋಗಿ ಕೂತ್ಕೊಂತು. ಅದಕ್ಕಿಂತ ಹಿಂದಿನ ಸ್ಕ್ವೀಜ್ ಬಳಸ್ತಿದ್ದೋರು ಮಾತ್ರ ಬಚಾವು, ಯಾಕಂದ್ರೆ ಅದರಲ್ಲಿದ್ದಿದ್ದು 0.9.8, ತೂತಿದ್ದ ಆ ಫೀಚರ್ರೇ ಇರ್ಲಿಲ್ಲ. ಇದನ್ನ ಕೇಳಿ ನೋಡಿದ್ರಾ ಹಳೇದೇ ಒಳ್ಳೇದು ಅನ್ಬೇಡಿ. ಸ್ಕ್ವೀಜ್‌ನೋರು ಉಳಿದಿದ್ದು ಅದೃಷ್ಟದಿಂದ, ಯಾರದೋ ಶ್ರಮದಿಂದ ಅಲ್ಲ.

ಹಾರ್ಟ್‌ಬ್ಲೀಡ್ ಕಥೇಲಿ ಇನ್ನೊಂದು ವಿಷಯ ಇದೆ, ಇಲ್ಲಿರೋ ಅಡ್ಮಿನ್‌ಗಳಿಗೆ ದಿನಾ ತಲೆನೋವು ಕೊಡೋ ವಿಷಯ. ಓಪನ್‌ಎಸ್‌ಎಸ್‌ಎಲ್‌ನೋರು ಬಗ್ ಸರಿಮಾಡಿ 1.0.1ಜಿ ಬಿಟ್ರು. ಡೆಬಿಯನ್‌ನೋರು ಏನ್ ಮಾಡಿದ್ರು? 1.0.1ಜಿ ಕೊಡ್ಲಿಲ್ಲ. ವೀಜಿಯಲ್ಲಿದ್ದ 1.0.1ಇ ವರ್ಷನ್ನೇ ಇಟ್ಕೊಂಡು, ಆ ತೂತು ಮುಚ್ಚೋ ಕೆಲವು ಸಾಲು ಮಾತ್ರ ತಂದು ಅದಕ್ಕೆ ಸೇರಿಸಿದ್ರು. ಪ್ಯಾಕೇಜ್ ಹೆಸರು 1.0.1ಇ-2+ಡೆಬ್7ಯು5 ಅಂತ ಆಯ್ತು. ಇದನ್ನ ಓದೋದು ಕಲ್ತ್ಕೊಳಿ. ಮೊದಲ ಭಾಗ ಮೂಲ ಸಾಫ್ಟ್‌ವೇರ್ ವರ್ಷನ್, ಆಮೇಲಿನ 2 ಡೆಬಿಯನ್‌ನೋರು ಎಷ್ಟನೇ ಸಲ ಪ್ಯಾಕೇಜ್ ಮಾಡಿದ್ದು ಅಂತ, ಕೊನೇದು ಡೆಬಿಯನ್ 7 ಸ್ಟೇಬಲ್‌ಗೆ ಐದನೇ ಅಪ್‌ಡೇಟ್ ಅಂತ. ಇದನ್ನೇ ಬ್ಯಾಕ್‌ಪೋರ್ಟ್ ಮಾಡೋದು ಅನ್ನೋದು. ಈಗ ಸೆಕ್ಯುರಿಟಿ ಆಡಿಟ್‌ಗೆ ಅಂತ ಬರೋರು ಒಂದು ಸ್ಕ್ಯಾನರ್ ಓಡಿಸ್ತಾರೆ, ಅದು ಮೊದಲ ಭಾಗ ಮಾತ್ರ ನೋಡಿ ಇದು ಹಳೇ ವರ್ಷನ್, ಅಪಾಯ ಅಂತ ಕೆಂಪು ಬಣ್ಣದಲ್ಲಿ ರಿಪೋರ್ಟ್ ಕೊಡುತ್ತೆ, ಮ್ಯಾನೇಜರ್ ನಿಮ್ಮನ್ನ ಕರೆದು ಬೈತಾರೆ, ನೀವು ಗಾಬರಿಯಾಗಿ ಎಲ್ಲಿಂದಲೋ ಹೊಸ ಸೋರ್ಸ್ ಇಳಿಸಿ ಕೈಯಿಂದ ಕಂಪೈಲ್ ಮಾಡಿ ಹಾಕ್ತೀರ, ಅವತ್ತಿಂದ ಆ ಪ್ಯಾಕೇಜ್‌ಗೆ ಡೆಬಿಯನ್ ಸೆಕ್ಯುರಿಟಿ ಟೀಮ್ ಕಾವಲು ತಪ್ಪೋಗುತ್ತೆ, ಮುಂದಿನ ತೂತು ಬಂದಾಗ ನೀವೇ ನೋಡ್ಕೋಬೇಕು. ದಯವಿಟ್ಟು ಹಂಗೆ ಮಾಡ್ಬೇಡಿ. ಪ್ಯಾಕೇಜ್ ಹಾಕೋ ಆಪ್ಟ್ ಕಮಾಂಡಲ್ಲೇ ಚೇಂಜ್‌ಲಾಗ್ ಅಂತ ಬದಲಾವಣೆಗಳ ಪಟ್ಟಿ ಇದೆ, ಪ್ಯಾಕೇಜ್ ಹೆಸರು ಕೊಟ್ಟು ನೋಡಿ, ಯಾವ ಸಿವಿಇ ನಂಬರ್, ಅಂದ್ರೆ ಒಂದೊಂದು ಸೆಕ್ಯುರಿಟಿ ತೂತಿಗೂ ಕೊಡೋ ಗುರುತಿನ ನಂಬರ್, ಸರಿ ಮಾಡಿದಾರೆ ಅಂತ ತಾರೀಖಿನ ಸಮೇತ ಇರುತ್ತೆ, ಅದನ್ನ ಪ್ರಿಂಟ್ ತೆಗೆದು ಆಡಿಟರ್ ಕೈಗೆ ಕೊಡಿ.

ಈಗ ಎಕ್ಸ್‌ಜೆಡ್ ವಿಷಯಕ್ಕೆ ಬರ್ತೀನಿ. ನಿಮ್ಮಲ್ಲಿ ಬಹಳ ಜನ ಕೇಳಿರ್ತೀರ, ಆದ್ರೆ ಕೇಳಿದೋರೆಲ್ಲ "ಸದ್ಯ, ನಾವು ಸ್ಟೇಬಲ್‌ನಲ್ಲಿದ್ವಿ, ಬಚಾವಾದ್ವಿ" ಅಂತ ಅಲ್ಲಿಗೇ ನಿಲ್ಲಿಸಿಬಿಡ್ತಾರೆ. ಎಕ್ಸ್‌ಜೆಡ್ ಅನ್ನೋದು ಫೈಲ್ ಕಂಪ್ರೆಸ್ ಮಾಡೋ ಸಣ್ಣ ಟೂಲು, ವರ್ಷಾನುಗಟ್ಟಲೆ ಲಾಸ್ಸೆ ಕೊಲಿನ್ ಅನ್ನೋ ಒಬ್ರೇ ನೋಡ್ಕೊಂಡು ಬಂದಿದ್ರು. ಜಿಯಾ ಟಾನ್ ಅನ್ನೋ ಹೆಸರಲ್ಲಿ ಒಬ್ರು ಬಂದು, ನಿಧಾನಕ್ಕೆ ಪ್ಯಾಚ್, ಅಂದ್ರೆ ಕೋಡಿಗೆ ತಿದ್ದುಪಡಿ, ಕಳಿಸ್ತಾ ನಂಬಿಕೆ ಗಳಿಸಿ, ಸಹ ಮೇಂಟೇನರ್ ಆಗಿ, 2024 ಫೆಬ್ರವರಿಯಲ್ಲಿ 5.6.0, ಮಾರ್ಚಲ್ಲಿ 5.6.1 ಬಿಟ್ರು, ಅದರೊಳಗೆ ಹಿಂಬಾಗಿಲು. ದೂರದಿಂದ ಲಾಗಿನ್ ಆಗೋಕೆ ಬಿಡೋ ಎಸ್‌ಎಸ್‌ಎಚ್ ಸರ್ವರ್ ಇರೋ ಮಷೀನ್‌ಗೆ ಆ ಕಳ್ಳನ ಕೀ ಇದ್ರೆ ನೇರವಾಗಿ ಒಳಗೆ ನುಗ್ಗಿ ಕಮಾಂಡ್ ಓಡಿಸಬಹುದು, ಅಂಥ ವ್ಯವಸ್ಥೆ. ಈ ಹೊಸ ವರ್ಷನ್ ಬೇಗ ತಗೊಳಿ ಅಂತ ಡೆಬಿಯನ್ ಕಡೆಗೂ ಅದರ ಮೇಲೆ ಕಟ್ಟಿರೋ ಉಬುಂಟು ಕಡೆಗೂ ಕೋರಿಕೆಗಳು ಹೋಗಿದ್ವು. ಹೊಸದನ್ನ ಬೇಗ ತಗೊಳೋ ನಮ್ಮ ಆಸೇನೇ ಅವ್ರಿಗೆ ದಾರಿ.

ಅದನ್ನ ಹಿಡಿದಿದ್ದು ಯಾರು? ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಡೆವಲಪರ್, ಮೈಕ್ರೋಸಾಫ್ಟ್‌ನಲ್ಲಿ ಕೆಲಸ. ಅವ್ರು ಸೆಕ್ಯುರಿಟಿಯೋರಲ್ಲ. ಡೇಟಾಬೇಸ್ ವೇಗ ಅಳೀತಾ ಇದ್ರು, ಮಷೀನ್ ಸದ್ದಿಲ್ಲದೆ ಇರ್ಬೇಕು ಆ ಹೊತ್ತಲ್ಲಿ, ನೋಡಿದ್ರೆ ಎಸ್‌ಎಸ್‌ಎಚ್ ಸರ್ವರ್‌ನ ಎಸ್‌ಎಸ್‌ಎಚ್‌ಡಿ ಪ್ರೋಸೆಸ್‌ಗಳು ಸುಮ್ಸುಮ್ನೆ ಸಿಪಿಯು ತಿಂತಿವೆ, ಅದೂ ತಪ್ಪು ಯೂಸರ್‌ನೇಮ್ ಕೊಟ್ಟು ತಕ್ಷಣ ಫೇಲ್ ಆಗ್ಬೇಕಾದ ಲಾಗಿನ್‌ಗಳಿಗೆ. ಅಳೆದು ನೋಡಿದ್ರು. ಮೊದಲು 0.299 ಸೆಕೆಂಡ್ ಹಿಡೀತಿದ್ದ ಲಾಗಿನ್ ಈಗ 0.807 ಸೆಕೆಂಡ್. ಅರ್ಧ ಸೆಕೆಂಡಿನ ವ್ಯತ್ಯಾಸ. ನಾವಾಗಿದ್ರೆ ನೆಟ್ ಸ್ಲೋ ಇರ್ಬೇಕು ಅಂತ ಬಿಟ್ಟು ಟೀ ಕುಡಿಯೋಕೆ ಹೋಗಿರ್ತಿದ್ವಿ. ಅವ್ರು ಬಿಡ್ಲಿಲ್ಲ, ಬಗೆದು ಬಗೆದು ಎಕ್ಸ್‌ಜೆಡ್ ಲೈಬ್ರರಿವರೆಗೂ ಹೋಗಿ, 2024 ಮಾರ್ಚ್ 29ಕ್ಕೆ ಎಲ್ಲರಿಗೂ ತಿಳಿಸಿದ್ರು. ಈಗ ಗಮನ ಕೊಟ್ಟು ಕೇಳಿ, ಅವ್ರು ಓಡಿಸ್ತಿದ್ದಿದ್ದು ಡೆಬಿಯನ್ ಸಿಡ್. ಆಗಿನ ಸ್ಟೇಬಲ್ ಬುಕ್‌ವರ್ಮ್‌ನಲ್ಲಿ ಇದ್ದಿದ್ದು 5.4.1, ಅದು ಸೇಫ್. ಅವ್ರೂ ಬುಕ್‌ವರ್ಮ್‌ನಲ್ಲೇ ಇದ್ದಿದ್ರೆ ಆ ಅರ್ಧ ಸೆಕೆಂಡ್ ಅವ್ರ ಕಣ್ಣಿಗೆ ಬೀಳ್ತಾನೇ ಇರ್ಲಿಲ್ಲ, ಬೇರೆ ಯಾರೂ ಹಿಡೀದೆ ಹೋಗಿದ್ರೆ ಐದು ವರ್ಷ ಅಪ್‌ಡೇಟ್ ಸಿಗೋ ಉಬುಂಟು 24.04 ಎಲ್‌ಟಿಎಸ್ ಮೂಲಕ, ಆಮೇಲೆ ಟ್ರಿಕ್ಸಿ ಮೂಲಕ, ಅದು ಸ್ಟೇಬಲ್ ಅನ್ನೋ ಮುದ್ರೆ ಒತ್ತಿಸ್ಕೊಂಡು ನಮ್ಮ ಸರ್ವರ್‌ಗಳಿಗೆ ಬರ್ತಿತ್ತು. ಉಬುಂಟು ಆಗ ಬೀಟಾ ರಿಲೀಸನ್ನ ಒಂದು ವಾರ ಮುಂದೂಡಿ ಪ್ಯಾಕೇಜ್‌ಗಳನ್ನ ಮತ್ತೆ ಬಿಲ್ಡ್ ಮಾಡ್ತು. ಸ್ಟೇಬಲ್ ನಮ್ಮನ್ನ ಕಾಪಾಡ್ತು ಅನ್ನೋದು ಅರ್ಧ ನಿಜ, ಸಿಡ್ ಓಡಿಸ್ತಿದ್ದ ಒಬ್ರು ಸ್ಟೇಬಲನ್ನ ಕಾಪಾಡಿದ್ರು ಅನ್ನೋದು ಉಳಿದರ್ಧ.

ಇನ್ನೂ ಒಂದಿದೆ ಇದರಲ್ಲಿ. ಎಸ್‌ಎಸ್‌ಎಚ್‌ಗೂ ಎಕ್ಸ್‌ಜೆಡ್‌ಗೂ ಮೂಲದಲ್ಲಿ ನಂಟೇ ಇಲ್ಲ. ಡೆಬಿಯನ್ ಮತ್ತೆ ಕೆಲವು ಡಿಸ್ಟ್ರೋಗಳು ಎಸ್‌ಎಸ್‌ಎಚ್‌ಗೆ ತಮ್ಮದೇ ಪ್ಯಾಚ್ ಹಾಕಿ, ಮಷೀನ್‌ನ ಸರ್ವಿಸ್‌ಗಳನ್ನ ಶುರು ಮಾಡಿ ನೋಡ್ಕೊಳೋ ಸಿಸ್ಟಮ್‌ಡಿ ಜೊತೆ ಜೋಡಿಸಿದ್ರು, ಸಿಸ್ಟಮ್‌ಡಿ ಲೈಬ್ರರಿ ಎಕ್ಸ್‌ಜೆಡ್ ಲೈಬ್ರರಿಯನ್ನ ಎಳ್ಕೊಂಡು ಬರ್ತಿತ್ತು, ಆ ಸಂದೀಲಿ ಕಳ್ಳ ನುಗ್ಗಿದ್ದು. ಆರ್ಚ್‌ನಲ್ಲೂ 5.6.1 ಬಂದಿತ್ತು ಆದ್ರೆ ಅವ್ರು ಆ ಪ್ಯಾಚ್ ಹಾಕಿರ್ಲಿಲ್ಲ, ಹಂಗಾಗಿ ಅವ್ರ ಎಸ್‌ಎಸ್‌ಎಚ್ ಒಳಗೆ ಅದು ಲೋಡೇ ಆಗ್ತಿರ್ಲಿಲ್ಲ. ಮೂಲ ಕೋಡನ್ನ ಇದ್ದ ಹಾಗೆ ಕೊಡೋದಕ್ಕೂ ಒಂದು ಬೆಲೆ ಇದೆ.

ಡಿಸ್ಟ್ರೋನೋರ ಪ್ಯಾಚ್‌ನಿಂದ ಅನಾಹುತ ಆಗಿದ್ದು ಅದೇ ಮೊದಲೇನಲ್ಲ. 2006ರಲ್ಲಿ ಡೆಬಿಯನ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ಗೆ ಒಂದು ಬದಲಾವಣೆ ಮಾಡಿದ್ರು, ವಾಲ್‌ಗ್ರೈಂಡ್ ಅನ್ನೋ ಟೂಲ್ ಕೊಡ್ತಿದ್ದ ವಾರ್ನಿಂಗ್ ಹೋಗ್ಲಿ ಅಂತ. ಅದರಿಂದ ರ‍್ಯಾಂಡಮ್ ನಂಬರ್ ಹುಟ್ಟೋ ಜಾಗದಲ್ಲಿ ಪ್ರೋಸೆಸ್ ಐಡಿ, ಅಂದ್ರೆ ಓಡ್ತಿರೋ ಪ್ರೋಗ್ರಾಮ್‌ಗೆ ಸಿಸ್ಟಮ್ ಕೊಡೋ ನಂಬರ್, ಬಿಟ್ಟು ಬೇರೇನೂ ಉಳೀಲಿಲ್ಲ, ಅಂದ್ರೆ ಒಂದೊಂದು ಬಗೆಯ ಕೀಗೆ 32,768 ಸಾಧ್ಯತೆ ಮಾತ್ರ, ಒಂದು ಮಾಮೂಲಿ ಕಂಪ್ಯೂಟರ್ ಕೂತು ಎಲ್ಲವನ್ನೂ ಪ್ರಯತ್ನಿಸಿಬಿಡಬಹುದು. 2007ರ ಸ್ಟೇಬಲ್ ರಿಲೀಸ್, ಎಚ್ (Etch) ಅಂತ ಹೆಸರು, ಅದನ್ನ ಹೊತ್ಕೊಂಡೇ ಹೊರಗೆ ಬಂತು, ಲುಸಿಯಾನೊ ಬೆಲ್ಲೊ ಅದನ್ನ ಪತ್ತೆ ಮಾಡಿ ಜಗತ್ತಿಗೆ ಗೊತ್ತಾಗಿದ್ದು 2008 ಮೇ ತಿಂಗಳಲ್ಲಿ. ಇನ್ನು 2023 ಡಿಸೆಂಬರ್‌ದು ನೋಡಿ. ಡೆಬಿಯನ್ 12.3 ಹೊರಗೆ ಬರ್ಬೇಕಾದ ದಿನ ಅದರ ಕರ್ನಲ್ 6.1.64ರಲ್ಲಿ ಡಿಸ್ಕಲ್ಲಿ ಫೈಲ್ ಇಡೋ ಎಕ್ಸ್‌ಟ್4 ಫೈಲ್‌ಸಿಸ್ಟಮ್‌ನ ಡೇಟಾ ಹಾಳು ಮಾಡೋ ಬಗ್ ಇದೆ ಅಂತ ಗೊತ್ತಾಯ್ತು. ಹೊಸ ಕರ್ನಲ್‌ನಿಂದ ಒಂದು ಫಿಕ್ಸ್ ಹಳೇ ಕರ್ನಲ್‌ಗೆ ತಂದಿದ್ರು, ಅದಕ್ಕಿಂತ ಮುಂಚೆ ಇರ್ಬೇಕಾದ ಇನ್ನೊಂದು ಬದಲಾವಣೆ ತಂದಿರ್ಲಿಲ್ಲ. 12.3 ಇಮೇಜ್ ನಿಲ್ಲಿಸಿ ಮಾರನೇ ದಿನ, ಡಿಸೆಂಬರ್ 10ಕ್ಕೆ, 12.4 ಕೊಟ್ರು. ಹೊಸ ಫೀಚರ್ ಬೇಡ ಬರೀ ಫಿಕ್ಸ್ ಸಾಕು ಅಂದ್ರೂ ಆ ಫಿಕ್ಸನ್ನ ಹಳೇ ಕೋಡಿಗೆ ಹೊಲಿಯೋದು ದೊಡ್ಡ ಕಸುಬು, ಅದನ್ನ ಸಂಜೆ ಹೊತ್ತು ಸಂಬಳ ಇಲ್ದೆ ಮಾಡೋರೇ ಬಹಳ ಜನ.

ರೋಲಿಂಗ್ ಕಡೆ ಎಲ್ಲಾ ಚೆನ್ನಾಗಿದೆ ಅಂತಲೂ ಹೇಳಲ್ಲ. 2022 ಆಗಸ್ಟ್‌ನಲ್ಲಿ ಆರ್ಚ್‌ನಲ್ಲಿ, ಮಷೀನ್ ಆನ್ ಆದಾಗ ಲಿನಕ್ಸನ್ನ ಎಬ್ಬಿಸೋ ಗ್ರಬ್‌ಗೆ ಅಪ್‌ಡೇಟ್ ಬಂದು ಎಷ್ಟೋ ಜನರ ಮಷೀನ್, ಮುಖ್ಯವಾಗಿ ಆರ್ಚ್ ಮೇಲೆ ಕಟ್ಟಿರೋ ಎಂಡೆವರ್‌ಓಎಸ್ ಬಳಸ್ತಿದ್ದೋರದ್ದು, ಬೂಟ್ ಆಗ್ಲಿಲ್ಲ. ಯುಎಸ್‌ಬಿಯಿಂದ ಬೂಟ್ ಮಾಡಿ ಕ್ರೂಟ್ ಮಾಡೋಕೆ, ಅಂದ್ರೆ ಅಲ್ಲಿಂದ ಡಿಸ್ಕಲ್ಲಿರೋ ಸಿಸ್ಟಮ್ ಒಳಗೆ ಹೋಗೋಕೆ, ಬರೋರು ಸರಿ ಮಾಡ್ಕೊಂಡ್ರು, ಬರದೇ ಇರೋರಿಗೆ ಆ ದಿನ ಕಂಪ್ಯೂಟರ್ ಇಲ್ಲ.

ಮೂಲ ಸಾಫ್ಟ್‌ವೇರ್ ಬರೆಯೋರ ಕಡೆಯಿಂದ್ಲೂ ಸ್ವಲ್ಪ ನೋಡಣ. 2016ರಲ್ಲಿ ಎಕ್ಸ್‌ಸ್ಕ್ರೀನ್‌ಸೇವರ್ ಬರೆದ ಜೇಮೀ ಜವಿನ್ಸ್ಕಿ, ಡೆಬಿಯನ್‌ನೋರೇ ನನ್ನ ಸಾಫ್ಟ್‌ವೇರ್‌ನ ನಿಮ್ಮ ಡಿಸ್ಟ್ರೋದಿಂದ ತೆಗೆದುಬಿಡಿ ಅಂತ ಸಿಟ್ಟಾದ್ರು. ಅವ್ರು ಯಾವತ್ತೋ ಸರಿ ಮಾಡಿ ಮುಗಿಸಿದ ಬಗ್‌ಗಳ ಬಗ್ಗೆ ಸ್ಟೇಬಲ್ ಬಳಸೋರು ಅವ್ರಿಗೇ ಪತ್ರ ಬರೀತಿದ್ರು. ಅವ್ರ ಮಾತಿನ ಧಾಟಿ ನಂಗಿಷ್ಟ ಆಗ್ಲಿಲ್ಲ, ಆದ್ರೆ ದೂರು ನ್ಯಾಯವಾದದ್ದೇ. ಸ್ಟೇಬಲ್‌ನಲ್ಲಿ ಬಗ್ ಕಂಡ್ರೆ ಮೊದಲು ಡೆಬಿಯನ್‌ಗೆ ಹೇಳಿ, ಮೂಲ ಲೇಖಕರ ಬಾಗಿಲು ನೇರವಾಗಿ ಬಡೀಬೇಡಿ.

ಕನ್ನಡದೋರಿಗೆ ಇದು ಹೆಂಗೆ ತಟ್ಟುತ್ತೆ ಅಂತಾನೂ ಹೇಳ್ತೀನಿ. ಲಿನಕ್ಸ್‌ಗೆ ಡೆಸ್ಕ್‌ಟಾಪ್ ಕೊಡೋ ಗ್ನೋಮ್ ವರ್ಷಕ್ಕೆರಡು ಸಲ, ಮಾರ್ಚ್ ಮತ್ತೆ ಸೆಪ್ಟೆಂಬರ್‌ನಲ್ಲಿ ಬರುತ್ತೆ. ಟ್ರಿಕ್ಸಿಯಲ್ಲಿರೋದು 2025 ಮಾರ್ಚ್‌ನ ಗ್ನೋಮ್ 48. ನೀವ್ಯಾರೋ ಕೂತು ಸೆಪ್ಟೆಂಬರ್‌ನ 49ಕ್ಕೆ ಕನ್ನಡ ಅನುವಾದ ತಿದ್ದಿ ಕಳಿಸಿದ್ರಿ ಅಂದ್ಕೊಳಿ, ಹೊಸದನ್ನ ಬೇಗ ಕೊಡೋ ಫೆಡೋರಾ ಅನ್ನೋ ಡಿಸ್ಟ್ರೋ ಬಳಸೋರಿಗೆ ಅದು ಅದೇ ಹೊತ್ತಲ್ಲಿ ಕಾಣುತ್ತೆ, ಡೆಬಿಯನ್ ಸ್ಟೇಬಲ್ ಬಳಸೋ ಶಾಲೆ ಮಕ್ಕಳಿಗೆ ಡೆಬಿಯನ್ 14 ಬರೋವರೆಗೂ ಹಳೇ ಅನುವಾದಾನೇ. ಅನುವಾದ ಮಾಡೋ ಉತ್ಸಾಹಿಗಳು ಇದನ್ನ ನೋಡಿ ಬೇಜಾರಾಗಿ ಬಿಟ್ಟುಬಿಡೋದುಂಟು, ಬಿಡ್ಬೇಡಿ, ತಡವಾಗಿ ಆದ್ರೂ ಬರುತ್ತೆ, ಬಂದ್ಮೇಲೆ ವರ್ಷಾನುಗಟ್ಟಲೆ ಇರುತ್ತೆ.

ನಾನು ನೋಡ್ಕೊಳೋ ಸರ್ವರ್‌ಗಳೆಲ್ಲ ಡೆಬಿಯನ್ ಸ್ಟೇಬಲ್, ನನ್ನ ಸ್ವಂತ ಲ್ಯಾಪ್‌ಟಾಪ್ ಟೆಸ್ಟಿಂಗ್. ಬೇರೆಯೋರ ಕೆಲಸ ನಿಲ್ಲೋ ಹಾಗಿದ್ರೆ ಬದಲಾಗದೇ ಇರೋದು ಬೇಕು. ನನ್ನ ಕೆಲಸ ಮಾತ್ರ ನಿಲ್ಲುತ್ತೆ, ಸರಿಮಾಡ್ಕೊಳೋಕೆ ಬರುತ್ತೆ ಅಂತಾದ್ರೆ ಹೊಸದನ್ನ ಓಡಿಸಿ ಬಗ್ ಹೇಳೋ ಪಾಳಿ ನಂದು. ಸ್ಟೇಬಲ್ ಹಾಕೋರು ಇನ್ನೊಂದು ನೋಡ್ಬೇಕು, ಇಷ್ಟು ವರ್ಷ ಅಪ್‌ಡೇಟ್ ಕೊಡ್ತೀವಿ ಅನ್ನೋ ಮಾತು ಕೊಡ್ತಿರೋರು ಯಾರು ಅಂತ. ರೆಡ್‌ಹ್ಯಾಟ್ ಕಂಪನಿ ಕೈಲಿದ್ದ ಸೆಂಟ್‌ಓಎಸ್ ಅನ್ನೋ ಡಿಸ್ಟ್ರೋದ 8ನೇ ವರ್ಷನ್ ಹಾಕಿದೋರು 2029ರವರೆಗೂ ಚಿಂತೆ ಇಲ್ಲ ಅಂದ್ಕೊಂಡಿದ್ರು, 2020 ಡಿಸೆಂಬರ್‌ನಲ್ಲಿ ರೆಡ್‌ಹ್ಯಾಟ್ ಒಂದು ಪ್ರಕಟಣೆ ಕೊಟ್ಟು 2021ರ ಕೊನೆಗೇ ಮುಗಿಸ್ತು. ರಾಕಿ, ಆಲ್ಮಾ ಅನ್ನೋ ಡಿಸ್ಟ್ರೋಗಳು ಅದರ ಜಾಗ ತುಂಬೋಕೆ ಹುಟ್ಟಿದ್ದು ಆ ಪ್ರಕಟಣೆ ಆದ್ಮೇಲೆ.

ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದ್ಲು, ಹೊಸ ಲ್ಯಾಪ್‌ಟಾಪಿಗೆ ಸ್ಟೇಬಲ್ ಹಾಕಿದ್ರೆ ವೈಫೈ ಬರಲ್ಲ, ಏನ್ಮಾಡೋದು ಸರ್ ಅಂತ. ವೈಫೈ ಚಿಪ್ ನಿಮ್ಮ ಕರ್ನಲ್‌ಗಿಂತ ಆಮೇಲೆ ಹುಟ್ಟಿದ್ರೆ ಕರ್ನಲ್‌ಗೆ ಅದರ ಪರಿಚಯ ಇರಲ್ಲಮ್ಮ. ಡೆಬಿಯನ್ ಬ್ಯಾಕ್‌ಪೋರ್ಟ್ಸ್ ಅಂತ ಬೇರೆ ರೆಪೊಸಿಟರಿ, ಅಂದ್ರೆ ಪ್ಯಾಕೇಜ್‌ಗಳ ಉಗ್ರಾಣ, ಇದೆ, ಅಲ್ಲಿಂದ ಕರ್ನಲ್ ಮತ್ತೆ ಫರ್ಮ್‌ವೇರ್ (ಚಿಪ್ ಒಳಗೆ ಓಡೋ ಕೋಡು) ಮಾತ್ರ ಹೊಸದು ಹಾಕ್ಕೊಂಡು ಉಳಿದಿದ್ದೆಲ್ಲ ಸ್ಟೇಬಲ್ ಇಟ್ಕೋಬಹುದು. ಅಷ್ಟು ಹೊಸ ಮಷೀನ್ ಆದ್ರೆ ಫೆಡೋರಾ ಹಾಕು, ತಪ್ಪೇನಿಲ್ಲ. ಸಿಡ್‌ನಿಂದ ಒಂದೆರಡು ಪ್ಯಾಕೇಜ್ ತಂದು ಸ್ಟೇಬಲ್ ಜೊತೆ ಬೆರೆಸೋದು ಮಾತ್ರ ಬೇಡ, ಅದು ಎರಡೂ ಕಡೆ ನಿಲ್ಲಲ್ಲ.

ಒಬ್ರು ಮೇಷ್ಟ್ರು ತಮ್ಮ ಶಾಲೆ ಲ್ಯಾಬಲ್ಲಿ 32 ಬಿಟ್ ಮಷೀನ್‌ಗಳಿವೆ, ಟ್ರಿಕ್ಸಿ ಹಾಕಬಹುದಾ ಅಂದ್ರು. ಆಗಲ್ಲ ಸರ್, ಟ್ರಿಕ್ಸಿಯಿಂದ 32 ಬಿಟ್ ಇಂಟೆಲ್‌ಗೆ ಇನ್‌ಸ್ಟಾಲರ್ರೂ ಇಲ್ಲ ಕರ್ನಲ್ಲೂ ಇಲ್ಲ, ಬುಕ್‌ವರ್ಮೇ ಕೊನೆ. ಆದ್ರೆ ಮೊದಲು ಎಲ್‌ಎಸ್‌ಸಿಪಿಯು ಕಮಾಂಡ್ ಹೊಡೆದು ನೋಡಿ, 32 ಬಿಟ್ ಅಂದ್ಕೊಂಡಿರೋ ಮಷೀನ್‌ನಲ್ಲಿ 64 ಬಿಟ್ ಪ್ರೋಸೆಸರ್ ಇದ್ದು ಮೇಲೆ 32 ಬಿಟ್ ಓಎಸ್ ಹಾಕಿರೋದು ಬಹಳ ಕಡೆ ಇದೆ.

ಕೊನೇಗೆ ಒಬ್ಬ ಹುಡುಗ ಕೇಳಿದ, ಸಿಡ್ ಓಡಿಸೋ ಧೈರ್ಯ ಇಲ್ಲ ಸರ್, ಆದ್ರೂ ಏನಾದ್ರೂ ಮಾಡಬಹುದಾ. ಮಾಡಬಹುದಪ್ಪ. ನಿನ್ನ ಮಷೀನ್ ಹಂಗೇ ಇರ್ಲಿ, ವರ್ಚುವಲ್ ಮಷೀನ್‌ನಲ್ಲಿ ಟೆಸ್ಟಿಂಗ್ ಹಾಕು. ಆ ಟೆಸ್ಟಿಂಗೇ ಮುಂದೆ ಡೆಬಿಯನ್ 14 ಆಗೋದು, ಅದಕ್ಕೆ ಫೋರ್ಕಿ ಅಂತ ಹೆಸರಿಟ್ಟಿದಾರೆ. ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಭಾಷೆ ಕನ್ನಡ ಅಂತ ಆರಿಸಿ ಮೊದಲಿಂದ ಕೊನೇವರೆಗೂ ಇನ್‌ಸ್ಟಾಲ್ ಮಾಡಿ ನೋಡು. ಒತ್ತಕ್ಷರ ಸರಿ ಕೂತಿದ್ಯಾ, ಅರ್ಕಾವತ್ತು ಸರಿ ಬಂದಿದ್ಯಾ, ಕಗಪ ಕೀಬೋರ್ಡ್ ಲೇಔಟ್‌ನಲ್ಲಿ ಎಲ್ಲಾ ಅಕ್ಷರ ಮೂಡುತ್ತಾ, ಬಟನ್ ಮೇಲಿನ ಅನುವಾದ ಅರ್ಥ ಆಗುತ್ತಾ. ತಪ್ಪು ಕಂಡ್ರೆ ರಿಪೋರ್ಟ್‌ಬಗ್ ಟೂಲ್‌ನಿಂದ ಪ್ಯಾಕೇಜ್ ಹೆಸರು, ವರ್ಷನ್, ಏನ್ ಬರ್ಬೇಕಿತ್ತು ಏನ್ ಬಂತು, ಒಂದು ಸ್ಕ್ರೀನ್‌ಶಾಟ್, ಇಷ್ಟು ಹಾಕು. ಕನ್ನಡದಲ್ಲಿ ಇನ್‌ಸ್ಟಾಲ್ ಮಾಡಿ ನೋಡೋರು ಕೈಬೆರಳೆಣಿಕೆ, ನಾವು ಹೇಳ್ದಿದ್ರೆ ಬೇರೆ ಯಾವ ದೇಶದೋರೂ ಹೇಳಲ್ಲ. ಫ್ರೀಜ್ ಆಗೋಕೆ ಮುಂಚೆ ಹೇಳಿದ್ರೆ ಫೋರ್ಕಿಯಲ್ಲೇ ಸರಿ ಹೋಗುತ್ತೆ, ರಿಲೀಸ್ ಆದ್ಮೇಲೆ ಹೇಳಿದ್ರೆ ಬಹುಶಃ ಅದರ ಮುಂದಿನದಕ್ಕೆ ಹೋಗುತ್ತೆ, ಅಂದ್ರೆ ಇನ್ನೊಂದೆರಡು ವರ್ಷ.